ಮೊದಲು ಕನ್ನಡದಲ್ಲೇ ಓದಿ

ಲಂಡನ್ನಿನ ಕಾವೆಂಟ್ ಗಾರ್ಡನ್ ಬಳಿ ಬೆಟರ್ಟನ್ ಸ್ಟ್ರೀಟ್ ಅಂತ ಒಂದು ಚಿಕ್ಕ ರಸ್ತೆ ಇದೆ. 1909ರಲ್ಲಿ ಶುರುವಾದ ಪೊಯಟ್ರಿ ಸೊಸೈಟಿಯ ಕಟ್ಟಡ ಅಲ್ಲಿದೆ, ಅದರಲ್ಲೇ ಪೊಯಟ್ರಿ ಕೆಫೆ. ಮೇಲೆ ಕಾಫಿ, ಕೆಳಗೆ ನೆಲಮಾಳಿಗೆಯಲ್ಲಿ ಕವಿತೆ. ಓಪನ್ ಮೈಕ್ ಇರುವ ಸಂಜೆ ಯಾರು ಬೇಕಾದರೂ ಹೆಸರು ಬರೆಸಿ, ಕರೆದಾಗ ಎದ್ದು ಹೋಗಿ ಓದಬಹುದು. ನಮ್ಮ ಕವಿಗೋಷ್ಠಿಯ ಹಾಗೆ ಅಧ್ಯಕ್ಷರ ನುಡಿಯಿಲ್ಲ, ಶಾಲು ಹಾರಗಳಿಲ್ಲ. ಸಿಗುವುದು ಕೆಲವೇ ನಿಮಿಷ.

ನನ್ನ ಕವಿತೆಗಳನ್ನು ಗೆಳತಿಯೊಬ್ಬಳು ಇಂಗ್ಲಿಷಿಗೆ ತಂದು, ಎಡಪುಟದಲ್ಲಿ ಕನ್ನಡ, ಬಲಪುಟದಲ್ಲಿ ಇಂಗ್ಲಿಷ್ ಇಟ್ಟು ಒಂದು ತೆಳು ಪುಸ್ತಕ ಮಾಡಿಸಿದೆವು. ಇಂಥ ಇಪ್ಪತ್ತು ಮೂವತ್ತು ಪುಟದ ಕವನಪುಸ್ತಕಕ್ಕೆ ಇಲ್ಲಿ ಪ್ಯಾಂಫ್ಲೆಟ್ ಅನ್ನುತ್ತಾರೆ. ಅಂಗಡಿಗಳಲ್ಲಿ ಅದಕ್ಕೆ ಜಾಗ ಸಿಗುವುದು ಕಷ್ಟ. ಅಲ್ಲಲ್ಲಿ ಓದಿ, ಓದಿದ ಮೇಲೆ ಬಾಗಿಲ ಹತ್ತಿರದ ಮೇಜಿನ ಮೇಲಿಟ್ಟು ಮಾರುವುದೇ ದಾರಿ.

ನನ್ನ ಮೊದಲ ಓದು ಒಂದು ಬಡಾವಣೆಯ ಲೈಬ್ರರಿಯಲ್ಲಿ. ಸಮಯ ಕಮ್ಮಿ, ಇಂಗ್ಲಿಷ್ ಮಾತ್ರ ಸಾಕು ಅಂದರು ನಡೆಸುವವರು. ಸರಿ ಅಂತ ಒಪ್ಪಿಕೊಂಡೆ. ಹನ್ನೆರಡು ಜನ ಇದ್ದರು, ಮರ್ಯಾದೆಯಿಂದ ಕೇಳಿ ಚಪ್ಪಾಳೆ ತಟ್ಟಿದರು. ಹದಿನೈದು ಪ್ರತಿ ಒಯ್ದಿದ್ದೆ, ಹದಿನೈದೂ ವಾಪಸು ಬಂದವು. ಬಸ್ಸಿನಲ್ಲಿ ಕೂತಾಗ ಪುಸ್ತಕದ ಭಾರಕ್ಕಿಂತ ಬೇರೆಯದೇ ಚುಚ್ಚುತ್ತಿತ್ತು. ಓದಿದ್ದು ನನ್ನ ಕವಿತೆ ಅಂತ ನನಗೇ ಅನ್ನಿಸಿರಲಿಲ್ಲ.

ಆಮೇಲೆ ಒಂದು ಪಬ್ಬಿನ ಮಹಡಿಯ ಮೇಲೆ ಓದಿದೆ. ಮುಗಿಸಿ ಕೂರುವಷ್ಟರಲ್ಲಿ ಮುಂದಿನ ಸಾಲಿನ ವಯಸ್ಸಾದ ಹೆಂಗಸೊಬ್ಬರು, ‘ಅದನ್ನೇ ನಿಮ್ಮ ಭಾಷೆಯಲ್ಲಿ ಒಂದು ಸಲ ಹೇಳ್ತೀರಾ?’ ಅಂದರು. ಪುಸ್ತಕ ಮುಚ್ಚಿ ಹೇಳಿದೆ:

ಅವ್ವನ ಸೆರಗಿನ ತುದಿಯಲಿ ಗಂಟು
ಗಂಟಿನ ಒಳಗಡೆ ನಾಲ್ಕಾಣೆ ಉಂಟು
ಸಂತೆಯ ದಿನ ನಾನವಳಿಗೆ ಅಂಟು

ಆಕೆಯ ತುಟಿ ಅಲುಗುವುದು ಕಾಣುತ್ತಿತ್ತು. ಗಂಟು, ಉಂಟು, ಅಂಟು. ನಾಲಿಗೆ ಮೇಲಕ್ಕೆ ಮಡಚುವ ಆ ‘ಣ್ಟ’ ಅವರಿಗೆ ಬರುತ್ತಿರಲಿಲ್ಲ, ಆದರೂ ಬಿಡದೆ ಪ್ರಯತ್ನಿಸಿದರು. ಸೆರಗಿಗೆ ದುಡ್ಡು ಕಟ್ಟಿಕೊಳ್ಳುವುದು ಹೇಗೆ ಅಂತ ಕೇಳಿದರು. ನನ್ನ ದುಪಟ್ಟಾದ ತುದಿಗೆ ಒಂದು ಪೌಂಡಿನ ನಾಣ್ಯ ಕಟ್ಟಿ ತೋರಿಸಿದೆ. ಅವತ್ತು ಒಂಬತ್ತು ಪ್ರತಿ ಹೋದವು. ಮೊದಲನೆಯದನ್ನು ಕೊಂಡವರು ಅವರೇ.

ಅನುವಾದದಲ್ಲಿ ಗಂಟು ಉಳಿಯುತ್ತದೆ, ನಾಲ್ಕಾಣೆಯೂ ಹೇಗೋ ಉಳಿಯುತ್ತದೆ. ಪ್ರಾಸ ಉಳಿಯುವುದಿಲ್ಲ. ಅರ್ಥವನ್ನು ಗೆಳತಿಯ ಇಂಗ್ಲಿಷ್ ತಲುಪಿಸುತ್ತದೆ, ಸದ್ದನ್ನು ನಾನು ಬಾಯಾರೆ ತಲುಪಿಸಬೇಕು. ನಮ್ಮ ಕಾವ್ಯ ಬೆಳೆದದ್ದೇ ಕಿವಿಯ ಮೇಲೆ. ವಚನ ಅಂದರೇನೇ ಆಡಿದ ಮಾತು. ಕುಮಾರವ್ಯಾಸನನ್ನು ಅಕ್ಷರ ಬಾರದವರೂ ಗಮಕಿಗಳ ಬಾಯಿಂದಲೇ ಕೇಳಿ ಬಲ್ಲವರಾಗಿದ್ದರು. ಇಷ್ಟೆಲ್ಲ ಗೊತ್ತಿದ್ದೂ ಲೈಬ್ರರಿಯಲ್ಲಿ ನಾನು ಸುಮ್ಮನೆ ಒಪ್ಪಿಕೊಂಡೆನಲ್ಲ ಎಂಬ ನೋವು ಇನ್ನೂ ಇದೆ.

ಈಗ ಎಲ್ಲೇ ಕರೆದರೂ ಮೊದಲೇ ಹೇಳುತ್ತೇನೆ: ಕನ್ನಡ ಮೊದಲು, ಇಂಗ್ಲಿಷ್ ಆಮೇಲೆ. ಐದು ನಿಮಿಷ ಕೊಟ್ಟರೆ ಎರಡೇ ಕವಿತೆ. ಪೀಠಿಕೆ ಒಂದು ವಾಕ್ಯ ದಾಟುವುದಿಲ್ಲ. ಕೊಟ್ಟ ಹೊತ್ತನ್ನು ಮೀರಿದರೆ ಆಮೇಲೆ ಬರುವವರ ಪಾಲನ್ನು ಕಸಿದಂತೆ, ಇಲ್ಲಿ ಅದನ್ನು ಯಾರೂ ಮರೆಯುವುದಿಲ್ಲ. ಓದುವ ದಿನ ವಾಕ್ಸ್‌ಹಾಲಿನಲ್ಲಿ ಇಳಿದು ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಹಿಡಿದು ನಡೆಯುತ್ತೇನೆ. 2015ರ ನವೆಂಬರ್‌ನಲ್ಲಿ ಅನಾವರಣವಾದ ಬಸವಣ್ಣನವರ ಪ್ರತಿಮೆ ಅಲ್ಲಿದೆ. ಅದರ ಮುಂದೆ ನಿಂತು, ಓದಬೇಕಾದ್ದನ್ನು ಒಂದು ಸಲ ಗಟ್ಟಿಯಾಗಿ ಹೇಳಿಕೊಳ್ಳುತ್ತೇನೆ.

2025ರ ಮೇ 20ರ ರಾತ್ರಿ ಇದೇ ನದಿಯ ದಂಡೆಯ ಟೇಟ್ ಮಾಡರ್ನ್‌ನಲ್ಲಿ ಬಾನು ಮುಷ್ತಾಕ್ ಅವರಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಇಂಟರ್‌ನ್ಯಾಷನಲ್ ಬೂಕರ್ ಬಂತು. 50,000 ಪೌಂಡಿನಲ್ಲಿ ಇಬ್ಬರಿಗೂ ಸಮಪಾಲು. ಆಮೇಲೆ ಮೇಜಿನ ಹತ್ತಿರ ಬರುವವರ ಪ್ರಶ್ನೆ ಬದಲಾಗಿದೆ. ಕನ್ನಡ ಎಲ್ಲಿಯ ಭಾಷೆ ಅನ್ನುತ್ತಿದ್ದವರು ಈಗ ಎಡಪುಟದ ಅಕ್ಷರದ ಮೇಲೆ ಬೆರಳಿಟ್ಟು, ಇದನ್ನು ಹೇಗೆ ಹೇಳಬೇಕು ಅನ್ನುತ್ತಾರೆ. ಹೇಳಿಕೊಡುತ್ತೇನೆ. ಒಬ್ಬೊಬ್ಬರ ಹತ್ತಿರ ಹತ್ತು ನಿಮಿಷ ಹೋದರೂ ಬೇಸರವಿಲ್ಲ.

ಪ್ರತಿಗಳು ಮುಗಿಯುತ್ತಾ ಬಂದಿವೆ. ಮುಂದಿನ ತಿಂಗಳು ಬರುವ ತಮ್ಮನಿಗೆ ಹೇಳಿದ್ದೇನೆ: ಈ ಸಲ ಉಪ್ಪಿನಕಾಯಿ, ಚಟ್ನಿಪುಡಿ ಬೇಡಪ್ಪ, ಆ ತೂಕಕ್ಕೂ ಪುಸ್ತಕವನ್ನೇ ತಗೊಂಡು ಬಾ.