ಹೊಳೆಯುವುದೆಲ್ಲ ಜಿಪ್ಸಮ್: ಕಾರೈ ಜೇಡಿಯಲ್ಲಿ ಒಂದು ದಿನ

ಮನೆಗೆ ಹಾಸಿದ ಶಹಾಬಾದ್ ಕಲ್ಲಿನಲ್ಲಿ ಎಷ್ಟು ಹುಡುಕಿದರೂ ಚಿಪ್ಪಿನ ಒಂದು ಪಳೆಯುಳಿಕೆ ಸಿಗುವುದಿಲ್ಲ. ಅದೂ ಸಮುದ್ರದ ಸುಣ್ಣಕಲ್ಲೇ. ಆದರೆ ಚಿಪ್ಪಿನ ಪ್ರಾಣಿಗಳು ಬರುವ ಮೊದಲೇ ಕೂತ ಕೆಸರು. ಬಾಗಲಕೋಟೆ ಕಡೆಯ ಕಲಾದಗಿ ಸುಣ್ಣಕಲ್ಲಿನದೂ ಅದೇ ಕತೆ. ಹಾಗಾಗಿ ಚಿಪ್ಪು ಬೇಕೆಂದರೆ ಬೆಂಗಳೂರಿನವರು ಸೇಲಂ, ಆತ್ತೂರು ದಾಟಿ ತಮಿಳುನಾಡಿನ ಪೆರಂಬಲೂರಿನ ಕಡೆ ಹೋಗಬೇಕು. ಅಲ್ಲಿ ಕಾರೈ ಊರಿನ ಸುತ್ತ ಸುಮಾರು 10 ಕೋಟಿ ವರ್ಷ ಹಿಂದಿನ, ಡೈನೋಸಾರ್‌ಗಳಿದ್ದ ಕ್ರಿಟೇಶಿಯಸ್ ಯುಗದ ಕಡಲತಳ ಬಯಲಲ್ಲಿ ಬಿದ್ದಿದೆ.

ಹೋಗುವುದಾದರೆ ಜನವರಿ. ಹಿಂಗಾರು ಮಳೆ ಮುಗಿದು ನೆಲ ಒಣಗಿರುತ್ತದೆ, ಮಳೆನೀರು ಹೊಸದಾಗಿ ತೊಳೆದು ಹೊರಹಾಕಿದ್ದು ಮೇಲೆಯೇ ಇರುತ್ತದೆ. ಮಳೆ ಬಿದ್ದ ಮರುದಿನ ಹೋದರೆ ಬೂಟಿಗೆ ಒಂದೊಂದು ಕಿಲೋ ಜೇಡಿ ಮೆತ್ತಿಕೊಂಡು ನಡೆಯುವುದೇ ಕಷ್ಟ. ಬೆಳಗ್ಗೆ ಬಿಸಿಲು ಓರೆಯಾಗಿ ಬೀಳುವಾಗ ಕೊರಕಲಿನ ತಳದಲ್ಲಿ ಕೂತು, ಮೊಳಕಾಲೂರಿ ನೋಡಬೇಕು. ನಿಂತು ನೋಡಿದರೆ ಬೆರಳುದ್ದದ್ದು ಕಾಣುತ್ತದೆ, ಅವರೆಕಾಳಿನಷ್ಟಿರುವುದು ಕಾಣುವುದಿಲ್ಲ.

ಕಾರೈ–ಕುಳಕ್ಕಾನತ್ತಂ ಕೊರಕಲುಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳ ಪಟ್ಟಿಯಲ್ಲಿವೆ. ಅಲ್ಲಿ ನೋಡಿ, ಅಳತೆಗೆ ಪಕ್ಕದಲ್ಲಿ ಸ್ಕೇಲಿಟ್ಟು ಫೋಟೊ ತೆಗೆದು, ಇದ್ದಲ್ಲೇ ಬಿಟ್ಟು ಬರಬೇಕು. ಮಾದರಿ ಬೇಕಾದರೆ ಸುತ್ತಲಿನ ಹೊಲದಲ್ಲಿ ಬಾವಿ ತೋಡಿ ಹಾಕಿದ ಮಣ್ಣಿನ ಗುಡ್ಡೆ ಸಾಕು, ಹೊಲದವರನ್ನು ಕೇಳಿ.

ಕಣ್ಣಿಗೆ ಮೊದಲು ಬೀಳುವುದು ಜಿಪ್ಸಮ್. ಇಡೀ ಇಳಿಜಾರು ಗಾಜಿನ ಚೂರು ಚೆಲ್ಲಿದಂತೆ ಮಿನುಗುತ್ತದೆ. ಅದರ ನಡುವೆ ಕಂದು ಬಣ್ಣದ, ಬಂದೂಕಿನ ಗುಂಡಿನಂಥ ಬೆಲೆಮ್ನೈಟ್‌ಗಳು ಬಿದ್ದಿರುತ್ತವೆ. ಇವು ಸ್ಕ್ವಿಡ್‌ನಂಥ ಸಮುದ್ರಪ್ರಾಣಿಯ ದೇಹದೊಳಗಿನ ಗಟ್ಟಿ ಭಾಗ. ಹೊಸಬರು ಚೀಲ ತುಂಬಿಕೊಂಡು ಬಂದದ್ದರಲ್ಲಿ ಅರ್ಧ ಜಿಪ್ಸಮ್ ಎಳೆಗಳೇ ಇರುತ್ತವೆ, ಎರಡೂ ಮುರಿದಲ್ಲಿ ನಾರುನಾರಾಗಿ ಕಾಣುವುದರಿಂದ. ಮುರಿದ ತುದಿಯನ್ನು ಭೂತಗನ್ನಡಿಯಲ್ಲಿ ಹಿಡಿಯಿರಿ. ಬೆಲೆಮ್ನೈಟಿನ ಎಳೆಗಳು ಬಂಡಿಚಕ್ರದ ಅರಗಳ ಹಾಗೆ ನಡುವಿನ ಒಂದು ಚುಕ್ಕೆಯಿಂದ ಸುತ್ತ ಹರಡಿರುತ್ತವೆ, ಮರದಂತೆ ಉಂಗುರಗಳೂ ಇರುತ್ತವೆ. ಜಿಪ್ಸಮ್‌ನ ನಾರು ಕಡ್ಡಿಪೊರಕೆಯಂತೆ ಒಂದರ ಪಕ್ಕ ಒಂದು ನೇರ ಸಾಗುತ್ತದೆ. ಆಗಲೂ ಅನುಮಾನವಿದ್ದರೆ ಉಗುರಿನಿಂದ ಗೀರಿ: ಜಿಪ್ಸಮ್ ಗೀರು ತಗೊಳ್ಳುತ್ತದೆ, ಬೆಲೆಮ್ನೈಟಿನ ಕ್ಯಾಲ್ಸೈಟ್ ತಗೊಳ್ಳುವುದಿಲ್ಲ.

ಸುರುಳಿಯಾಗಿರುವುದೆಲ್ಲ ಅಮ್ಮೊನೈಟ್ (ಅಳಿದುಹೋದ, ಸುರುಳಿ ಚಿಪ್ಪಿನ ಸಮುದ್ರಪ್ರಾಣಿ) ಅಲ್ಲ. ಒಂದೇ ಮಟ್ಟದಲ್ಲಿ ಸುತ್ತಿಕೊಂಡು, ಒಳಗೆ ಅಡ್ಡಗೋಡೆಗಳಿದ್ದು, ಆ ಗೋಡೆ ಚಿಪ್ಪಿಗೆ ಸೇರಿದ ಗೆರೆ ಎಲೆಯ ಅಂಚಿನಂತೆ ಮಡಿಕೆಮಡಿಕೆಯಾಗಿದ್ದರೆ ಅಮ್ಮೊನೈಟ್. ಗೋಡೆಯೇ ಇಲ್ಲದೆ ಬರೀ ಕೊಳವೆ ಸುತ್ತಿಕೊಂಡಿದ್ದರೆ ಅದು ಸಮುದ್ರದ ಹುಳು ಕಟ್ಟಿದ ಸುಣ್ಣದ ಗೂಡು. ಮೊನಚಾಗಿ ಮೇಲೇರಿದ್ದರೆ ಬಸವನಹುಳುವಿನ ಜಾತಿ. ಹೆಸರು ಗುರುತಿಸಲು 1860ರ ದಶಕದಿಂದ ಫರ್ಡಿನಂಡ್ ಸ್ಟೊಲಿಕ್ಜಾ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗಾಗಿ ಮಾಡಿದ ಚಿತ್ರಫಲಕಗಳು ಇಂದಿಗೂ ಉಪಯೋಗಕ್ಕೆ ಬರುತ್ತವೆ. ಆದರೆ ಕುಲದ ಹೆಸರುಗಳು ಎಷ್ಟೋ ಬದಲಾಗಿವೆ, ಹಾಗೇ ನಕಲು ಮಾಡಬೇಡಿ.

ನಿಜವಾದ ಸಂಪತ್ತು ಕಣ್ಣಿಗೆ ಕಾಣದ್ದು: ಫೊರಾಮಿನಿಫೆರಾ, ಅಂದರೆ ಒಂದೇ ಜೀವಕೋಶದ ಸಮುದ್ರಜೀವಿಗಳ ಪುಟ್ಟ ಚಿಪ್ಪು. ಇಲ್ಲೇ ಜಿಪ್ಸಮ್ ಎರಡನೇ ಸಲ ಕೈಕೊಡುತ್ತದೆ. ಜೇಡಿಯಲ್ಲಿರುವ ಪೈರೈಟ್ (ಕಬ್ಬಿಣ, ಗಂಧಕ ಸೇರಿದ ಖನಿಜ) ಗಾಳಿ, ನೀರು ತಾಗಿ ಆಮ್ಲವಾಗುತ್ತದೆ. ಆ ಆಮ್ಲ ಚಿಪ್ಪಿನ ಸುಣ್ಣವನ್ನು ತಿಂದು ಜಿಪ್ಸಮ್ ಆಗುತ್ತದೆ. ದಪ್ಪ ಬೆಲೆಮ್ನೈಟ್ ತಡೆದುಕೊಳ್ಳುತ್ತದೆ, ಅರ್ಧ ಮಿಲಿಮೀಟರಿನ ಚಿಪ್ಪು ತಡೆದುಕೊಳ್ಳುವುದಿಲ್ಲ. ಚೆನ್ನಾಗಿ ಮಿನುಗುವ ಹಳದಿ ಮಣ್ಣನ್ನು ತೊಳೆದರೆ ಕೊನೆಗೆ ಉಳಿಯುವುದು ಜಿಪ್ಸಮ್ ಪುಡಿ ಅಷ್ಟೇ. ಬೇಕಾದ್ದು ಗಾಳಿ ತಾಗದ ಬೂದು ಜೇಡಿ. ಹೊಸದಾಗಿ ತೋಡಿದ ಬಾವಿಯ ಗುಡ್ಡೆ ಒಳ್ಳೆಯದೆನ್ನುವುದು ಇದಕ್ಕೇ. ಒಂದು ವಿಷಯ ನೆನಪಿರಲಿ, ಗುಡ್ಡೆಯಲ್ಲಿ ಪದರಗಳು ತಲೆಕೆಳಗು: ಕೊನೆಗೆ ಎತ್ತಿದ ಆಳದ ಮಣ್ಣು ಮೇಲಿರುತ್ತದೆ.

ಒಂದು ಮಾದರಿಗೆ 250 ಗ್ರಾಂ ಸಾಕು. ಚೀಟಿ ಎರಡು, ಒಂದು ಚೀಲದೊಳಗೆ, ಒಂದು ಹೊರಗೆ. ಪೆನ್ಸಿಲ್‌ನಲ್ಲೇ ಬರೆಯಿರಿ, ಪೆನ್ನಿನ ಶಾಯಿ ತೇವಕ್ಕೆ ಹರಡುತ್ತದೆ. ಜಾಗ, ಆಳ, ತಾರೀಖು ಇಲ್ಲದ ಮಣ್ಣನ್ನು ಹೂಕುಂಡಕ್ಕೆ ಹಾಕಬಹುದು.

ಮನೆಗೆ ತಂದ ಮೇಲೆ ಆತುರಪಡಬಾರದು. ಕಡಲೆಕಾಳಿನ ಗಾತ್ರಕ್ಕೆ ಒಡೆದು ಎರಡು ದಿನ ಬಿಸಿಲಿಗೆ ಹರವಿ. ಪೂರ್ತಿ ಒಣಗಿದ ಜೇಡಿ ನೀರು ಹೀರಿ ತಾನೇ ಅರಳಿ ಉದುರುತ್ತದೆ. ಅರೆತೇವದ್ದು ಉಂಡೆಯಾಗಿಯೇ ಉಳಿಯುತ್ತದೆ. ಆಮೇಲೆ ಲೀಟರಿಗೊಂದು ಚಮಚ ವಾಷಿಂಗ್ ಸೋಡಾ ಹಾಕಿದ ನೀರಲ್ಲಿ ರಾತ್ರಿಯಿಡೀ ನೆನೆಸಿ. ಬೆಳಗ್ಗೆ 63 ಮೈಕ್ರಾನ್ ಜರಡಿಯಲ್ಲಿ ಸಣ್ಣ ಶವರಿನಡಿ ನೀರು ತಿಳಿಯಾಗುವತನಕ ತೊಳೆಯಿರಿ. ಬೆರಳಿನಿಂದ ಉಜ್ಜಿದರೆ ಚಿಪ್ಪು ಪುಡಿ. ರಾಡಿ ನೀರನ್ನು ಬಕೆಟ್ಟಿನಲ್ಲಿ ಹಿಡಿದು ತಳ ಕೂರಿಸಿ ಚೆಲ್ಲಿ, ಸಿಂಕಿಗೆ ಬಿಟ್ಟರೆ ಪ್ಲಂಬರ್ ಬರಬೇಕಾಗುತ್ತದೆ.

ಜರಡಿಯ ಕಣ್ಣಿನಲ್ಲಿ ಸಿಕ್ಕಿಕೊಂಡ ಚಿಪ್ಪು ಮುಂದಿನ ಮಾದರಿಗೆ ಸೇರಿದರೆ ವಯಸ್ಸಿನ ಲೆಕ್ಕವೇ ತಪ್ಪುತ್ತದೆ. ಅದಕ್ಕೆ ಪ್ರತಿ ತೊಳೆತದ ಬಳಿಕ ಜರಡಿಯನ್ನು ಮೆಥಿಲೀನ್ ಬ್ಲೂ ನೀರಲ್ಲಿ ಅದ್ದುತ್ತೇವೆ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಅದೇ ಔಷಧಿ. ಮುಂದಿನ ಮಾದರಿಯಲ್ಲಿ ನೀಲಿ ಚಿಪ್ಪು ಕಂಡರೆ ಅದು ಹಿಂದಿನದು, ಪಕ್ಕಕ್ಕಿಡಿ.

ಜರಡಿಯಲ್ಲಿ ಉಳಿದದ್ದನ್ನು ಒಣಗಿಸಿ, ಕಪ್ಪು ತಟ್ಟೆಯ ಮೇಲೆ ಒಂದರ ಮೇಲೊಂದು ಬೀಳದಂತೆ ತೆಳ್ಳಗೆ ಉದುರಿಸಿ, ಒದ್ದೆ ಮಾಡಿದ ಸೊನ್ನೆ ನಂಬರಿನ ಕುಂಚದ ತುದಿಯಿಂದ ಹೆಕ್ಕಬೇಕು. 40 ಪಟ್ಟು ದೊಡ್ಡದಾಗಿ ತೋರಿಸುವ ಮೈಕ್ರೋಸ್ಕೋಪ್ ಸಾಕು. ಹುರುಳಿಕಾಳಿನಾಕಾರದ ಜೋಡಿ ಚಿಪ್ಪು ಆಸ್ಟ್ರಕೋಡ್, ಸಿಗಡಿಯ ಬಳಗದ ಪುಟ್ಟ ಪ್ರಾಣಿ. ಉಳಿದವು ಫೊರಾಮಿನಿಫೆರಾ. ಮಸೂರದಂತೆ ನುಣ್ಣಗಿರುವುದು ಲೆಂಟಿಕ್ಯುಲಿನಾ, ಕಡಲತಳದಲ್ಲಿ ಬದುಕುವಂಥದ್ದು. ದ್ರಾಕ್ಷಿ ಗೊಂಚಲಿನಂತೆ ಉಬ್ಬಿದ ಕೋಣೆಗಳಿದ್ದರೆ ತೇಲಾಡುವ ಹೆಡ್ಬರ್ಗೆಲ್ಲಾ. ಅಂಚಿನಲ್ಲಿ ಏಣು ಎದ್ದಿದ್ದರೆ ರೋಟಾಲಿಪೋರಾ ಇರಬಹುದು, ಸಿಕ್ಕಿದರೆ ಕ್ರಿಟೇಶಿಯಸ್‌ನ ಒಂದು ಹಂತವಾದ ಸೆನೊಮೇನಿಯನ್ ಕಾಲದ ಸುಳಿವು. ಕೋಣೆಗಳ ನಡುವಿನ ಗೆರೆ ಕಾಣದಿದ್ದರೆ ಹಸಿರು ಫುಡ್ ಕಲರ್ ಬೆರೆಸಿದ ನೀರು ಒಂದು ಹನಿ ತಾಗಿಸಿ. ಗೆರೆಗಳಿಗೆ ಬಣ್ಣ ಇಳಿಯುತ್ತದೆ, ಕೋಣೆಗಳನ್ನು ಎಣಿಸಬಹುದು.