ಅಪ್ಪನ ಸ್ಕೋರು

ಹೋದ ವರ್ಷ ತೊಗರಿ ರಾಶಿ ಟೈಮಿಗಿ ನಮ್ಮಪ್ಪ ಒಂದೇ ಮಾತು ಮೂರ್ಮೂರು ಸಲ ಕೇಳ್ಲಾಕ ಸುರು ಮಾಡಿದ್ರು. "ಬಜಾರಕ್ಕ ಹೋಗಿ ಬಂದ್ಯಾ?" ಅನ್ನೋರು, ಬಂದೀನಪ್ಪಾ ಅಂದ್ರ ಹೂಂ ಅನ್ನೋರು, ಐದ್ ನಿಮಿಷ ಬಿಟ್ಟು ಮತ್ತ ಅದೇ. ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದ ಮನುಷ್ಯಾ ರೀ, ಕಲಬುರಗಿಯಿಂದ ಮಳಖೇಡಕ್ಕ ಎಷ್ಟು, ಸೇಡಂಗ ಎಷ್ಟು, ಯಾರಿಗಿ ಚಿಲ್ಲರ ಕೊಡೋದದ, ಎಲ್ಲಾ ತಲ್ಯಾಗೇ ಇರ್ತಿತ್ತು. ನನಗ ಎದಿ ಧಸಕ್ಕಂತು.

ರಾತ್ರಿ ಕುಂತು ಗೂಗಲ್ ಮಾಡಿ ಒಂದು ಬ್ರೇನ್ ಗೇಮ್ ಆ್ಯಪಿಗಿ ವರ್ಷದ ರೊಕ್ಕ ಕಟ್ಟೇಬಿಟ್ಟೆ, ಹೆಸರು ಬ್ಯಾಡ ಬಿಡ್ರಿ. ಅದರಾಗ ಒಂದು ಆಟ, ನಡುವ ಕಾರೋ ಲಾರಿನೋ ಮಿಂಚಿದಂಗ ಬಂದು ಹೋಗ್ತದ, ಅದೇ ಹೊತ್ತಿಗಿ ಅಂಚಿನ್ಯಾಗ ಒಂದು ಬೋರ್ಡ್ ಬರ್ತದ, ಬಂದಿದ್ದು ಯಾವ ಗಾಡಿ, ಬೋರ್ಡ್ ಎಲ್ಲಿತ್ತು ಎರಡೂ ಹೇಳ್ಬೇಕು. ಅಪ್ಪ ಫ್ಯಾನ್ ಕೆಳಗ ಕುಂತು, ಚಷ್ಮಾ ಮೂಗಿನ ತುದಿಗಿ ಇಳಿಸಿ, ಹೆಬ್ಬಟ್ಟಿಗಿ ಉಗುಳು ಹಚ್ಚಿ ಸ್ಕ್ರೀನ್ ಒತ್ತೋರು. ಟಿಕೇಟ್ ಹರಿಯೋ ಚಾಳಿ ಇನ್ನಾ ಹೋಗಿಲ್ಲ! ತಿಂಗಳೊಪ್ಪತ್ತಿನಾಗ ಸ್ಕೋರು ಡಬಲ್ ಆತು. ಬಜಾರದ ಪ್ರಶ್ನಿ ಮಾತ್ರ ಹಂಗೇ ಇತ್ತು.

ಆಮ್ಯಾಲ ಓದಿದೆ, ರೊಕ್ಕ ಕಟ್ಟೋಕಿಂತ ಮೊದಲೇ ಓದ್ಬೇಕಿತ್ತು, ಇರ್ಲಿ. 2010ರಾಗ ನೇಚರ್ ಪತ್ರಿಕಿನ್ಯಾಗ ಬಂದ ಒಂದು ಸ್ಟಡಿದಾಗ 11,430 ಮಂದಿ ಆರು ವಾರ ಹಿಂತಾ ಆಟ ಆಡ್ಯಾರ, ಆಡಿದ ಆಟದಾಗ ಶಾಣ್ಯಾ ಆಗ್ಯಾರ, ಬ್ಯಾರೆ ಕೆಲ್ಸಕ್ಕ ಅದು ದಾಟಿಲ್ಲ. ಲ್ಯುಮೋಸಿಟಿ ಕಂಪನಿ (ನಾ ಹಾಕಿದ್ದು ಇದಲ್ಲ) ಮರೆವು ತಡೀತದ ಅಂತ ಜಾಹೀರಾತು ಕೊಟ್ಟಿದ್ದಕ್ಕ ಅಮೆರಿಕಾದ ವ್ಯಾಪಾರ ಕಮಿಷನ್ ಹಿಡಿದು, 2016ರಾಗ 20 ಲಕ್ಷ ಡಾಲರ್ ಕಟ್ಟಿ ರಾಜಿ ಆಗ್ಯಾರ. ಹಂಗಂತ ಎಲ್ಲಾ ಸುಳ್ಳಂತೂ ಅಲ್ಲ. ಅಲ್ಲೇ ಆಕ್ಟಿವ್ ಅನ್ನೋ ಟ್ರಯಲ್‌ದಾಗ 65 ಮತ್ತ ಅದಕ್ಕೂ ಮ್ಯಾಲಿನ ವಯಸ್ಸಿನ 2,800 ಚಿಲ್ಲರ ಮಂದಿ ಇದ್ರು, ಅವರಾಗ ಅಪ್ಪನ ಕಾರಿನ ಆಟದಂಗ ಗಬಕ್ಕನ ನೋಡಿ ಹಿಡಿಯೋ ತರಬೇತಿ ತೊಗೊಂಡವರಿಗಿ 10 ವರ್ಷದಾಗ ಡಿಮೆನ್ಶಿಯಾ (ಮರೆವಿನ ರೋಗ) ಬರೋ ಸಂಭವ 29% ಕಮ್ಮಿ ಕಂಡದಂತ 2017ರಾಗ ವರದಿ ಬಂತು. ಮಜಾ ಏನಂದ್ರ, ನೆನಪಿನ ತರಬೇತಿ ಅಂತಲೇ ಕೊಟ್ಟ ಗುಂಪಿಗಿ ಹಂತಾ ಫರಕ್ ಕಾಣ್ಲಿಲ್ಲ.

ಖರೇ ಸುದ್ದಿ ಇನ್ನಾ ಮುಂದದ. ಅದೇ ಆ್ಯಪಿನ್ಯಾಗ ದನಿ ಕೇಳಿ ಏರ್ತೋ ಇಳೀತೋ ಹೇಳೋ ಇನ್ನೊಂದು ಆಟ ಇತ್ತು, ಅದರಾಗ ಅಪ್ಪಗ ದಿನಾ ಸೊನ್ನಿ. ಸಿಟ್ಟಿಗೆದ್ದು "ಇದರ ಸ್ಪೀಕರ್ ಕೆಟ್ಟದ" ಅಂದು ಫೋನ್ ಮಂಚದ ಮ್ಯಾಲ ಒಗದ್ರು. ನನ್ನ ಮಗಳು ಎತ್ಕೊಂಡು ಕಿವಿಗಿ ಹಚ್ಚಿ "ಮುತ್ಯಾ, ನನಗ ಬರೋಬರ್ ಕೇಳ್ತದಲ್ಲಾ" ಅಂದಳು.

ಮರುದಿನಾನೇ ಕಿವಿ ಟೆಸ್ಟ್ ಮಾಡಿಸಿದ್ರ ಎರಡೂ ಮಂದ ಆಗ್ಯಾವ. ಅಂದ್ರ ನಾ "ಬಂದೀನಿ" ಅಂದಿದ್ದು ಅರ್ಧಕ್ಕರ್ಧ ಸಲ ಅವರಿಗಿ ಮುಟ್ಟೇ ಇಲ್ಲ, ಹೂಂ ಅಂದಿದ್ದು ಬರೀ ಮರ್ಯಾದಿಗಿ. ಲ್ಯಾನ್ಸೆಟ್ ಅನ್ನೋ ಡಾಕ್ಟರ ಪತ್ರಿಕಿದು 2024ರ ವರದಿ, ಡಿಮೆನ್ಶಿಯಾ ಬರೋ ಸಂಭವ ಹೆಚ್ಚು ಮಾಡ್ತಾವಂತ ಹೇಳಿದ 14 ಸಂಗತಿದಾಗ ಕಿವಿ ಕೇಳ್ದೇ ಇರೋದೂ ಒಂದು, ಬಿಪಿ ಶುಗರ್ ಜೋಡಿ, ಮಂದಿ ಜೋಡಿ ಬೆರೀದೇ ಇರೋದೂ ಅದ.

ಕಿವಿ ಮಶೀನ್ ತಂದ ಮೊದಲ ಹದಿನೈದು ದಿನ ಅದು ಡಬ್ಬಿನ್ಯಾಗೇ ಇತ್ತು, "ನಿಮ್ಮ ಪಾತ್ರಿ ಸಪ್ಪಳಕ್ಕ ತಲಿ ಒಡೀತದ" ಅನ್ನೋರು. ಈಗ ಹಾಕ್ಕೊಂಡು ಸಂಜಿ ಕಟ್ಟಿಗಿ ಹೋಗ್ತಾರ, ಮನಿಗಿ ಬಂದು ಮೊಮ್ಮಗಳ ಜೋಡಿ ಚೌಕಾಬಾರಾ. ಚಷ್ಮಾ ಎಲ್ಲಿಟ್ಟೀನಿ ಅನ್ನೋದು ಇನ್ನಾ ನಡದದ, ಡಾಕ್ಟರು ಆರು ತಿಂಗಳಿಗಿ ಮತ್ತ ಬರ್ರಿ ಅಂದಾರ. ಕಾರಿನ ಆಟಾನೂ ಬಿಟ್ಟಿಲ್ಲ, ನಾ ಬಿಡಿಸೋಕೂ ಹೋಗಿಲ್ಲ.

ನಿನ್ನಿ ಆ್ಯಪಿನ ಅವಧಿ ಮುಗೀತದ, ರೊಕ್ಕ ಕಟ್ರಿ ಅಂತ ಮೆಸೇಜ್ ಬಂತು. ಅಪ್ಪ ಚಷ್ಮಾ ಇಳಿಸಿ ಪೂರಾ ನೋಡಿ ಕೇಳಿದ್ರು, "ಇದಕ್ಕ ಸೀನಿಯರ್ ಸಿಟಿಜನ್ ರಿಯಾಯಿತಿ ಇಲ್ಲೇನು?"