ಶಾಯಿ ಹಚ್ಚಿದ ಕೈ

ಆದೇಶದಲ್ಲಿ ‘ಎರಡನೇ ಮತಗಟ್ಟೆ ಅಧಿಕಾರಿ’ ಎಂದು ಬರೆದಿತ್ತು. ಎಂದರೆ ಬಂದವರ ಎಡಗೈ ತೋರುಬೆರಳಿಗೆ ಶಾಯಿ ಹಚ್ಚಬೇಕು, 17ಎ ನೋಂದಣಿ ಪುಸ್ತಕದಲ್ಲಿ ಅವರ ಕ್ರಮಸಂಖ್ಯೆ ಬರೆದು ಸಹಿ ಮಾಡಿಸಿಕೊಳ್ಳಬೇಕು, ಚೀಟಿ ಕೊಟ್ಟು ಮುಂದಕ್ಕೆ ಕಳಿಸಬೇಕು. ಬೆಳಿಗ್ಗೆ 7ರಿಂದ ಸಂಜೆ 6ರವರೆಗೆ. ನೋಡುವವರಿಗೆ ಇದು ಕುಳಿತು ಮಾಡುವ ಹಗುರ ಕೆಲಸ. ಬಾಗಲಕೋಟೆ ನವನಗರದ ನಮ್ಮ ಮನೆಯ ಕಟ್ಟೆಯ ಮೇಲೆ ಆ ಕಾಗದ ಹಿಡಿದು ಕುಳಿತಾಗ ನನ್ನ ಬಲಗೈ ಹೆಬ್ಬೆರಳಿನ ಬುಡದಿಂದ ಮೊಣಕೈವರೆಗೆ ಆಗಲೇ ಸೆಳೆಯುತ್ತಿತ್ತು. ಅದು 2024ರ ಲೋಕಸಭಾ ಚುನಾವಣೆ. ನಮ್ಮ ಭಾಗಕ್ಕೆ ಮತದಾನ ಮೇ 7ರಂದು.

ನನಗೆ ಫೈಬ್ರೊಮಯಾಲ್ಜಿಯಾ ಎಂಬ, ಮೈಯೆಲ್ಲ ನೋಯುವ ಕಾಯಿಲೆ ಇದೆ. ಈ ಹೆಸರು ಕೈಗೆ ಸಿಗುವುದಕ್ಕೇ ಮೂರು ವರ್ಷ ಹಿಡಿಯಿತು. ಮೊದಲು ಕತ್ತು, ಆಮೇಲೆ ಹೆಗಲು, ಸೊಂಟ, ತೊಡೆ. ರಾತ್ರಿ ಎಂಟು ಗಂಟೆ ಮಲಗಿದರೂ ಬೆಳಿಗ್ಗೆ ಯಾರೋ ಬಡಿದು ಹಾಕಿದ ಹಾಗೆ ಏಳುತ್ತಿದ್ದೆ. ಥೈರಾಯ್ಡ್ ನೋಡಿದರು, ವಿಟಮಿನ್ ಡಿ ನೋಡಿದರು, ಸಂಧಿವಾತದ ರಕ್ತಪರೀಕ್ಷೆ ಮಾಡಿಸಿದರು, ಎಕ್ಸ್‌ರೇ ತೆಗೆಸಿದರು. ಎಲ್ಲದರಲ್ಲೂ ‘ನಾರ್ಮಲ್’. ಆ ಪದವನ್ನು ನಾನು ಎಷ್ಟು ದ್ವೇಷಿಸಿದೆನೆಂದು ಹೇಳಲಾರೆ. ಏನೂ ಇಲ್ಲವಲ್ಲ ಎಂದು ಮನೆಯವರು ಸಂತೋಷಪಟ್ಟರೆ ನಾನು ಸ್ನಾನದ ಮನೆಯಲ್ಲಿ ನಿಂತು ಅಳುತ್ತಿದ್ದೆ.

ಕೊನೆಗೆ ಬೆಳಗಾವಿಯಲ್ಲಿ ಸಂಧಿವಾತ ತಜ್ಞರೊಬ್ಬರು ಅರ್ಧ ಗಂಟೆ ಕುಳ್ಳಿರಿಸಿಕೊಂಡು ಕೇಳಿದರು. ಮೈಯ ಚಿತ್ರವಿದ್ದ ಹಾಳೆ ಕೊಟ್ಟು ಎಲ್ಲೆಲ್ಲಿ ನೋವಿದೆಯೋ ಗುರುತು ಹಾಕಲು ಹೇಳಿದರು. ಹತ್ತೊಂಬತ್ತು ಜಾಗಗಳ ಲೆಕ್ಕವದು. ಹಿಂದೆ 1990ರ ನಿಯಮದಂತೆ ಮೈಯ ಮೇಲಿನ 18 ಬಿಂದುಗಳನ್ನು ಒತ್ತಿ ನೋಡಿ, 11ರಲ್ಲಾದರೂ ನೋವಿದ್ದರೆ ಮಾತ್ರ ಇದು ಆ ರೋಗ ಎನ್ನುತ್ತಿದ್ದರಂತೆ. 2010ರಿಂದ ಆ ಒತ್ತುವ ಕ್ರಮ ಕಡ್ಡಾಯವಾಗಿ ಉಳಿದಿಲ್ಲ. ಈಗ ನಿದ್ದೆ, ದಣಿವು, ಮರೆವು ಎಲ್ಲವನ್ನೂ ಕೇಳುತ್ತಾರೆ. ಅವರು ಹೇಳಿದ ಒಂದು ಮಾತು ನನ್ನೊಳಗೆ ಉಳಿದುಬಿಟ್ಟಿದೆ. “ಗೋಳಗುಮ್ಮಟ ಹತ್ತಿದ್ದೀರಲ್ಲ? ಮೇಲಿನ ಮೊಗಸಾಲೆಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿದರೆ ಎಷ್ಟು ಸಲ ಕೇಳುತ್ತದೆ? ನಿಮ್ಮ ಸ್ನಾಯು, ಕೀಲು ಕೆಟ್ಟಿಲ್ಲ. ನರ ಮತ್ತು ಮಿದುಳು ಸಣ್ಣ ಸದ್ದನ್ನೂ ಹಾಗೆ ದೊಡ್ಡದು ಮಾಡಿ ಕೇಳಿಸಿಕೊಳ್ಳುತ್ತಿವೆ. ಸದ್ದು ಸುಳ್ಳಲ್ಲ.” ಸದ್ದು ಸುಳ್ಳಲ್ಲ ಎಂದರಲ್ಲ, ಅಷ್ಟಕ್ಕೇ ನನ್ನ ಕಣ್ಣು ತುಂಬಿದವು.

ಕರ್ತವ್ಯದಿಂದ ವಿನಾಯಿತಿ ಕೇಳಲು ಹೋಗಿದ್ದೆ, ಅದನ್ನು ಮುಚ್ಚಿಡುವುದಿಲ್ಲ. ಸಾಲಿನಲ್ಲಿ ನನ್ನ ಮುಂದೆ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡವರೊಬ್ಬರು, ಅವರ ಮುಂದೆ ಡಯಾಲಿಸಿಸ್‌ ಮಾಡಿಸಿಕೊಳ್ಳುತ್ತಿದ್ದ ಶಿಕ್ಷಕರೊಬ್ಬರು. ನನ್ನ ಸರದಿ ಬಂದಾಗ, “ಅಂಗವಿಕಲ ಪ್ರಮಾಣಪತ್ರ ಇದೆಯೇ?” ಎಂದು ಕೇಳಿದರು. ಇಲ್ಲ. 2016ರ ಕಾಯ್ದೆ 21 ಬಗೆಯ ಅಂಗವಿಕಲತೆಗಳನ್ನು ಪಟ್ಟಿ ಮಾಡಿದೆ, ಅದರಲ್ಲಿ ನನ್ನ ಕಾಯಿಲೆಯ ಹೆಸರಿಲ್ಲ. ವೈದ್ಯರ ಚೀಟಿಯನ್ನು ಮುಂದಿಟ್ಟೆ. ಅವರು ಅದನ್ನು ತಿರುಗಿಸಿ ನೋಡಿ, ನನ್ನ ಮುಖ ನೋಡಿ, “ಚೆನ್ನಾಗಿಯೇ ಇದ್ದೀರಲ್ಲ ಮೇಡಂ” ಎಂದರು. ವಾದಿಸುವ ಶಕ್ತಿ ನನ್ನಲ್ಲಿರಲಿಲ್ಲ. ಚೀಟಿ ಮಡಚಿಕೊಂಡು ಮನೆಗೆ ಬಂದೆ.

ಬಂದವಳು ಆ ರಾತ್ರಿಯೆಲ್ಲ ಸಿಟ್ಟಿನಲ್ಲಿದ್ದೆ. ಬೆಳಗಾದ ಮೇಲೆ ಲೆಕ್ಕ ಹಾಕಲು ಕುಳಿತೆ. ಈ ಕಾಯಿಲೆ ನನಗೆ ಕಲಿಸಿದ್ದು ಲೆಕ್ಕವನ್ನೇ. ದಿನಕ್ಕೆ ಇಷ್ಟೇ ಶಕ್ತಿ, ಅದನ್ನು ಎಲ್ಲಿ ಇಡುವುದು, ಎಲ್ಲಿ ಉಳಿಸುವುದು. ಶಾಲೆಗೆ ಬೇಸಿಗೆ ರಜೆ ಇತ್ತು, ಅದೊಂದು ಪುಣ್ಯ. ಮುಂಚಿನ ಮೂರು ದಿನ ಮದುವೆ, ಮುಂಜಿ ಯಾವುದಕ್ಕೂ ಹೋಗಲಿಲ್ಲ. ಆದರೆ ಬೆಳಗಿನ ಇಪ್ಪತ್ತು ನಿಮಿಷದ ನಡಿಗೆಯನ್ನು ಬಿಡಲಿಲ್ಲ. ನೋವಿರುವಾಗ ನಡೆಯಿರಿ ಎಂದರೆ ಮೊದಲು ನನಗೂ ಕ್ರೂರವೆನಿಸಿತ್ತು. ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟ 2017ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಈ ಕಾಯಿಲೆಗೆ ಬಲವಾಗಿ ಶಿಫಾರಸು ಮಾಡಿದ್ದು ವ್ಯಾಯಾಮ ಒಂದನ್ನೇ ಎಂದು ವೈದ್ಯರು ತಿಳಿಸಿ ಹೇಳಿದ್ದರು. ಐದು ನಿಮಿಷದಿಂದ ಆರಂಭಿಸಿ ಇಪ್ಪತ್ತಕ್ಕೆ ಬರಲು ನನಗೆ ಎಂಟು ತಿಂಗಳು ಬೇಕಾಯಿತು. ಚೀಲಕ್ಕೆ ಏನೇನು ಎಂದೂ ಬರೆದುಕೊಂಡೆ: ಅವ್ವ ಹೊಲಿದುಕೊಟ್ಟ ದಪ್ಪ ಕೌದಿ, ಬಿಸಿನೀರಿನ ಫ್ಲಾಸ್ಕು, ಬೆನ್ನಿಗೆ ಸಣ್ಣ ದಿಂಬು, ರಾತ್ರಿಯ ಮಾತ್ರೆ, ಕಟಕ ರೊಟ್ಟಿ, ಶೇಂಗಾ ಚಟ್ನಿ.

ಮೇ 6ರಂದು ಬಾದಾಮಿಯ ಮಸ್ಟರಿಂಗ್ ಕೇಂದ್ರ. ಹೊರಗೆ ನೆಲ ಸುಡುವ ಬಿಸಿಲು, ಒಳಗೆ ಶಾಮಿಯಾನದ ಕೆಳಗೆ ಸಾವಿರಾರು ಜನ. ಮತಯಂತ್ರ, ವಿವಿಪ್ಯಾಟ್, ಮುದ್ರೆಯ ಚೀಲ, ಲಕೋಟೆಗಳ ಕಟ್ಟು, ಎಲ್ಲವನ್ನೂ ಒಂದೊಂದಾಗಿ ಲೆಕ್ಕ ಮಾಡಿ ಪಡೆಯುವಷ್ಟರಲ್ಲಿ ಮಧ್ಯಾಹ್ನ ಜಾರಿತ್ತು. ನಮಗೆ ಸಿಕ್ಕಿದ್ದು ಗುಳೇದಗುಡ್ಡದ ಕಡೆಯ ಒಂದು ಹಳ್ಳಿ. ಬಸ್ಸಿನಲ್ಲಿ ನಮ್ಮ ಅಧ್ಯಕ್ಷಾಧಿಕಾರಿ ನನ್ನ ಪಕ್ಕದ ಸೀಟಿಗೆ ಬಂದು ಕುಳಿತರು. ಐವತ್ತು ದಾಟಿದ, ಮಿತಭಾಷಿ ಉಪನ್ಯಾಸಕರು. ನಾನು ಆರು ವರ್ಷಗಳಿಂದ ಸಹೋದ್ಯೋಗಿಗಳ ಮುಂದೆ ಹೇಳದಿದ್ದ ಮಾತನ್ನು ಆ ಅಪರಿಚಿತರ ಮುಂದೆ ಹೇಳಿದೆ. ಕುಸಿದು ಬಿದ್ದ ಮೇಲೆ ಹೇಳಿದರೆ ಅದು ನೆಪದಂತೆ ಕೇಳುತ್ತದೆ ಎಂಬುದು ನನ್ನ ಅನುಭವ. ಅದಕ್ಕೇ ಇನ್ನೂ ನೆಟ್ಟಗೆ ಕುಳಿತಿರುವಾಗಲೇ ಹೇಳಿದೆ.

“ಸರ್, ನನಗೊಂದು ನೋವಿನ ಕಾಯಿಲೆ ಇದೆ. ಕೆಲಸ ಮಾಡುತ್ತೇನೆ, ತಪ್ಪಿಸಿಕೊಳ್ಳುವುದಿಲ್ಲ. ಆದರೆ ಒಂದೇ ಕೈಚಲನೆಯನ್ನು ಹನ್ನೊಂದು ತಾಸು ಮಾಡಿದರೆ ಕೈ ನಿಲ್ಲುತ್ತದೆ. ತಾಸಿಗೊಮ್ಮೆ ಎರಡು ನಿಮಿಷ ಎದ್ದು ನಿಲ್ಲಬೇಕು. ಸಂಖ್ಯೆಗಳಲ್ಲಿ ಎಡವಬಹುದು, ಯಾರಾದರೂ ಇನ್ನೊಮ್ಮೆ ನೋಡಿದರೆ ಒಳ್ಳೆಯದು.”

ಅವರು ಕಾಯಿಲೆಯ ಹೆಸರು ಕೇಳಲಿಲ್ಲ. ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿ, “ನೀವು ಮತ್ತು ಕಂಟ್ರೋಲ್ ಯೂನಿಟ್‌ನ ತಂಗಿ ಜಾಗ ಬದಲಿಸಿಕೊಳ್ಳುತ್ತಿರಿ. ಎಲ್ಲರಿಗೂ ಎಲ್ಲ ಕೆಲಸ ಬರಲಿ” ಎಂದರು. ಅಷ್ಟೇ. ಇಷ್ಟು ಸಣ್ಣ ಮಾತಿಗಾಗಿ ಆರು ವರ್ಷ ಹೆದರಿದ್ದೆನಲ್ಲ ಎಂದು ಎದೆಯಲ್ಲಿ ಏನೋ ಹಿಂಡಿದಂತಾಯಿತು.

ರಾತ್ರಿ ಶಾಲೆಯ ಕೋಣೆಯಲ್ಲೇ ಮಲಗಬೇಕು. ಹತ್ತಕ್ಕೆ ನುಂಗುವ ಮಾತ್ರೆಯನ್ನು ಎಂಟಕ್ಕೇ ನುಂಗಿದೆ, ಇಲ್ಲವಾದರೆ ಬೆಳಗಿನ ಜಾವದ ಮಂಪರು ಇಳಿಯುವುದಿಲ್ಲ. ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದರೂ ಬಂಡೆಯ ನೆಲ ಸೊಂಟಕ್ಕೆ ತಾಗುತ್ತಿತ್ತು. ಫ್ಯಾನು ನಿಂತು ನಿಂತು ತಿರುಗುತ್ತಿತ್ತು. ನಿದ್ದೆ ಬಂತೆಂದು ಹೇಳಲಾರೆ. ನಾಲ್ಕಕ್ಕೆ ಎದ್ದಾಗ ಬೆರಳುಗಳು ಮಡಚುತ್ತಿರಲಿಲ್ಲ. ಫ್ಲಾಸ್ಕಿನ ನೀರನ್ನು ಬೋಗುಣಿಗೆ ಸುರಿದು ಕೈಗಳನ್ನು ಅದರಲ್ಲಿಟ್ಟು ಕುಳಿತೆ. ಐದೂವರೆಗೆ ಏಜೆಂಟರ ಮುಂದೆ ಅಣಕು ಮತದಾನ, ಆಮೇಲೆ ಯಂತ್ರಕ್ಕೆ ಮುದ್ರೆ. ಏಳಕ್ಕೆ ಬಾಗಿಲು ತೆರೆಯುವಾಗ ಹೊರಗೆ ಸಾಲು ಬೇವಿನ ಮರದವರೆಗೆ ಬೆಳೆದಿತ್ತು. ಬಿಸಿಲೇರುವ ಮುನ್ನ ಹಾಕಿ ಹೋಗಬೇಕೆಂದು ಎಲ್ಲರ ಆತುರ.

ಶಾಯಿ ಮೈಸೂರಿನ ಬಣ್ಣದ ಕಾರ್ಖಾನೆಯಲ್ಲಿ ತಯಾರಾಗಿ ಬರುವಂಥದ್ದು. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ಹಿಡಿದುಕೊಂಡು, ಬೆಳಕಿಗೆ ಕಪ್ಪಾಗುತ್ತದೆ. ಉಗುರಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಒಂದು ಗೆರೆ ಎಳೆಯಬೇಕು. ಬಾಟಲಿಯ ಕಡ್ಡಿ ತೀರಾ ತೆಳ್ಳಗೆ. ಅದನ್ನು ಚಿವುಟಿ ಹಿಡಿದಷ್ಟೂ ಹೆಬ್ಬೆರಳಿನ ಬುಡದಲ್ಲಿ ಸೂಜಿ ಚುಚ್ಚಿದ ಹಾಗೆ. ಅರ್ಧ ತಾಸಿನಲ್ಲೇ ನನಗೆ ಭಯವಾಯಿತು. ಬಾಗಿಲಲ್ಲಿ ಓಆರ್‌ಎಸ್ ಪೊಟ್ಟಣ ಇಟ್ಟುಕೊಂಡು ಕುಳಿತಿದ್ದ ಆಶಾ ಕಾರ್ಯಕರ್ತೆ ನನ್ನ ಕೈ ಗಮನಿಸಿದ್ದರು. ಕೇಳುವ ಮೊದಲೇ ಎದ್ದು ಬಂದು ಕಡ್ಡಿಗೆ ಗಾಯದ ಬಟ್ಟೆಯನ್ನು ನಾಲ್ಕು ಸುತ್ತು ಸುತ್ತಿ, “ಈಗ ಹಿಡಿಯಿರಿ ಅಕ್ಕಾ” ಎಂದರು. ಬೆರಳಿಗೆ ದಪ್ಪನೆಯ ಹಿಡಿ ಸಿಕ್ಕಿತು. ಆ ನಾಲ್ಕು ಸುತ್ತು ಬಟ್ಟೆ ಇಲ್ಲದಿದ್ದರೆ ನಾನು ಮಧ್ಯಾಹ್ನ ಮುಟ್ಟುತ್ತಿರಲಿಲ್ಲ.

ಹನ್ನೊಂದರ ಹೊತ್ತಿಗೆ ತಲೆಯೊಳಗೆ ಮಂಜು ಇಳಿಯತೊಡಗಿತು. ಎದುರಿನ ಮಾತು ಕೇಳುತ್ತದೆ, ಅರ್ಥ ಒಂದು ಗಳಿಗೆ ತಡವಾಗಿ ಬರುತ್ತದೆ. ನೋವಿಗಿಂತ ನಾನು ಅಂಜುವುದು ಇದಕ್ಕೆ, ಏಕೆಂದರೆ ನೋವನ್ನು ಹಲ್ಲು ಕಚ್ಚಿ ಹಿಡಿಯಬಹುದು, ಇದನ್ನು ಹಿಡಿಯಲು ಏನೂ ಸಿಗುವುದಿಲ್ಲ. ಕ್ರಮಸಂಖ್ಯೆ 684 ಎಂದು ಮೊದಲನೇ ಅಧಿಕಾರಿ ಕೂಗಿದರು, ನಾನು 648 ಎಂದು ಬರೆದೆ. ಅವರು ಕಣ್ಣು ಹಾಯಿಸಿ, “ಮೇಡಂ, ಎಂಟು ನಾಲ್ಕು” ಎಂದು ಮೆಲ್ಲಗೆ ತಿದ್ದಿದರು. ಮತಗಟ್ಟೆಯಲ್ಲಿ ತಪ್ಪು ಬರೆದೆನಲ್ಲ ಎಂದು ಕೈ ನಡುಗಿತು. ಅಂದಿನಿಂದ ಅಲ್ಲ, ಆ ಗಳಿಗೆಯಿಂದಲೇ ಪ್ರತಿ ಸಂಖ್ಯೆಯನ್ನು ಬಿಡಿಬಿಡಿಯಾಗಿ ಬಾಯಿಬಿಟ್ಟು ಹೇಳಿ ಬರೆದೆ: ಆರು, ಎಂಟು, ನಾಲ್ಕು. ಮಕ್ಕಳಿಗೆ ಮಗ್ಗಿ ಹೇಳಿಸುವ ದನಿಯೇ ನನ್ನ ನೆರವಿಗೆ ಬಂತು. ಅಧ್ಯಕ್ಷಾಧಿಕಾರಿ ತಮ್ಮ ಮೇಜಿನಿಂದಲೇ, “ಈಗ ಬದಲಿಸಿಕೊಳ್ಳಿ” ಎಂದರು. ಕಂಟ್ರೋಲ್ ಯೂನಿಟ್‌ನಲ್ಲಿ ಚೀಟಿ ಪಡೆದು ಗುಂಡಿ ಒತ್ತುವುದು, ಯಂತ್ರದ ಸದ್ದಿಗೆ ಕಾಯುವುದು. ಎಡಗೈಯಿಂದಲೂ ಮಾಡಬಹುದಿತ್ತು.

ಮೂರು ಗಂಟೆಯ ನಂತರ ಶಾಯಿಯ ಮೇಜಿಗೆ ಮರಳಿದ್ದೆ. ಆಗ ಬಂದರು ಒಬ್ಬ ಅಜ್ಜಿ. ಖಣದ ಕುಪ್ಪಸ, ಇಳಕಲ್ ಸೀರೆ, ನೇಕಾರರ ಓಣಿಯವರು. ಕುಣಿಮಗ್ಗದಲ್ಲಿ ಕುಳಿತು ಬಾಳು ಸವೆಸಿದವರ ಬೆರಳು ಹೇಗಿರುತ್ತವೆಂದು ನೋಡಿದವರಿಗೆ ಗೊತ್ತು. ಗೆಣ್ಣುಗಳೆಲ್ಲ ಉಬ್ಬಿದ್ದವು, ತೋರುಬೆರಳು ನೆಟ್ಟಗಾಗುತ್ತಿರಲಿಲ್ಲ. ಬೆರಳನ್ನು ಎಳೆಯದೆ ನನ್ನ ಎಡ ಅಂಗೈಯಲ್ಲಿ ಅವರ ಕೈ ಇಟ್ಟುಕೊಂಡು ಗೆರೆ ಎಳೆದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದವರು ಕೇಳಿದರು: “ನಿನಗೂ ಕೈ ನೋಯುತ್ತದೆಯೇನು ಯವ್ವಾ?”

“ಹೌದಮ್ಮ” ಎಂದೆ. ಆ ಎರಡು ದಿನಗಳಲ್ಲಿ, ಬಹುಶಃ ಆ ಆರು ವರ್ಷಗಳಲ್ಲಿ, ವಿವರಣೆ ಸೇರಿಸದೆ ನಾನು ಆ ಪ್ರಶ್ನೆಗೆ ಉತ್ತರಿಸಿದ್ದು ಅದೊಂದೇ ಸಲ. ಹಿಂದೆ ಸಾಲು ಇತ್ತು, ಅವರು ಮುಂದೆ ಹೋದರು.

ಆರಕ್ಕೆ ಬಾಗಿಲು ಮುಚ್ಚಿತು. ಪುಸ್ತಕದ ಲೆಕ್ಕವೂ ಯಂತ್ರದ ಲೆಕ್ಕವೂ ಒಂದೇ ಬಂದವು, 800ಕ್ಕೂ ಹೆಚ್ಚು. ಒಂದೂ ವ್ಯತ್ಯಾಸವಿರಲಿಲ್ಲ. ಯಂತ್ರ, ಪುಸ್ತಕಗಳನ್ನು ಮರಳಿ ಒಪ್ಪಿಸುವ ಡಿಮಸ್ಟರಿಂಗ್ ಸಾಲಿನಲ್ಲಿ ನಾನು ಗೋಡೆಗೆ ಒರಗಿ ನೆಲದ ಮೇಲೆ ಕುಳಿತುಬಿಟ್ಟೆ, ಉಳಿದ ಮೂವರು ಪೆಟ್ಟಿಗೆಗಳನ್ನು ಹೊತ್ತರು. ಮನೆ ಸೇರಿದಾಗ ರಾತ್ರಿ ಒಂದೂವರೆ.

ಮರುದಿನದ ಬಗ್ಗೆ ಹೆಚ್ಚು ಹೇಳಲು ಇಲ್ಲ. ಈ ಕಾಯಿಲೆ ಸಾಲವನ್ನು ಬಡ್ಡಿಸಮೇತ ವಸೂಲು ಮಾಡುತ್ತದೆ. 8 ಮತ್ತು 9ರಂದು ಹಾಸಿಗೆ ಬಿಟ್ಟು ಏಳಲಿಲ್ಲ, ಹೊದಿಕೆಯ ಭಾರವೂ ಮೊಣಕಾಲಿಗೆ ತಡೆಯದು. ಅದನ್ನು ಮೊದಲೇ ಲೆಕ್ಕದಲ್ಲಿ ಇಟ್ಟುಕೊಂಡಿದ್ದೆನಾದ್ದರಿಂದ ಈ ಸಲ ನನ್ನನ್ನು ನಾನು ಬೈದುಕೊಳ್ಳಲಿಲ್ಲ. ಮಗಳು ಬಿಸಿನೀರಿನ ಚೀಲ ತಂದು ಹೆಗಲಿಗಿಟ್ಟು ಹೋಗುತ್ತಿದ್ದಳು.

10ರಂದು ಬಸವ ಜಯಂತಿ. ನಮ್ಮ ಮನೆಯಲ್ಲಿ ಹೋಳಿಗೆ ಆಗಲೇಬೇಕು. ಪ್ರತಿ ವರ್ಷ ಒಲೆಯ ಮುಂದೆ ನಿಂತು ಲಟ್ಟಿಸಿ, ಬೇಯಿಸಿ, ಸಂಜೆ ಯಾರಿಗೂ ತಿಳಿಯದಂತೆ ಕೋಣೆ ಸೇರುವುದು ನನ್ನ ರೂಢಿ. ಅತ್ತೆ ಬೇಳೆ ಬೇಯಲು ಇಟ್ಟಿದ್ದರು. ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದೆ: “ಅತ್ತೀ, ಇವತ್ತು ನಿಂತು ಲಟ್ಟಿಸಲು ನನ್ನಿಂದ ಆಗುವುದಿಲ್ಲ. ಕುಳಿತುಕೊಂಡು ಹೂರಣದ ಉಂಡೆ ಕಟ್ಟಿಕೊಡುತ್ತೇನೆ.”

ಅವರು ಏನೂ ಹೇಳಲಿಲ್ಲ. ಬೇಳೆಯ ನೊರೆ ತೆಗೆದು ಚಮಚ ಇಟ್ಟರು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡರು. ಆಮೇಲೆ ಪಡಸಾಲೆಗೆ ಹೋಗಿ, ಮಾವ ಪತ್ರಿಕೆ ಓದುವ ಬೆನ್ನಿರುವ ಕುರ್ಚಿಯನ್ನು ಎಳೆದು ತಂದು ಒಲೆಯ ಪಕ್ಕ ಹಾಕಿದರು.